ಬಾಯಿ ಮುಚ್ಚಿದ ಏಳು ಗುಂಡುಗಳು

"ಏನು ಬೇಕಾದ್ರೂ ಊದು, ಬಾಯಿ ಮಾತ್ರ ಮುಚ್ಚಬೇಡ" ಎಂದು ಅತ್ತೆ ಹೇಳಿದ್ದು ಸೊಸೆ ಆ ಮನೆಗೆ ಕಾಲಿಟ್ಟ ಮೊದಲ ಬೆಳಗ್ಗೆಯೇ.

ಸೊಸೆ ನಕ್ಕಳು. "ನನ್ನ ಬಾಯಿ ಮುಚ್ಚಿಸೋಕೆ ನಮ್ಮಪ್ಪನ ಕೈಲೇ ಆಗ್ಲಿಲ್ಲ ಬಿಡಿ ಅತ್ತೆ."

"ನಿನ್ನ ಬಾಯಲ್ಲ ಕಣೇ. ಗಾಜಿಂದು."

ಕಬ್ಬಿಣದವರೂ ಗಾಜಿನವರೂ ಸೇರಿ ಕಟ್ಟಿಕೊಂಡಿದ್ದ ಕೂಟ ಅದು. ಬೀದಿಯ ಒಂದು ಬದಿಗೆ ಕಮ್ಮಾರರ ಕುಲುಮೆಗಳು, ಎದುರು ಬದಿಗೆ ಗಾಜಿನವರ ಕೋಣೆಗಳು, ತುದಿಯಲ್ಲಿ ಇಬ್ಬರಿಗೂ ಸೇರಿದ ಒಂದು ದೊಡ್ಡ ಒಲೆ. ಇನ್ನೂರು ವರ್ಷದಿಂದ ಆರದ ಬೆಂಕಿ ಅದರದ್ದು. ಬೀದಿಯ ಎಲ್ಲ ಗೂಡುಗಳಿಗೂ ಕೆಂಡ ಹೋಗುವುದು ಅಲ್ಲಿಂದಲೇ. ಗಾಜು ಊದುವ ಹೆಣ್ಣನ್ನು ಕಮ್ಮಾರನಿಗೇ ಕೊಡಬೇಕು, ಅವಳ ಊದುಕೊಳವೆಯನ್ನು ಕಟ್ಟಿಕೊಂಡವನೇ ಬಡಿದು ಕೊಡಬೇಕು ಎಂಬುದು ಕೂಟದ ಕಟ್ಟಳೆ. ಇವಳ ಗಂಡ ಮದುವೆಗೆ ಮೊದಲೇ ಬಂದು, ನಾಚಿಕೊಂಡು, ಅವಳ ತುಟಿಯ ಅಳತೆಯನ್ನು ದಾರದಲ್ಲಿ ತೆಗೆದುಕೊಂಡು ಹೋಗಿದ್ದ. ಅವನು ಮಾಡಿಕೊಟ್ಟ ಕೊಳವೆ ಎಷ್ಟು ಹದವಾಗಿತ್ತೆಂದರೆ, ಅದನ್ನು ಬಾಯಿಗಿಟ್ಟ ದಿನವೇ ಅವಳಿಗೆ ಗಂಡನ ಮೇಲೆ ಪ್ರೀತಿ ಹುಟ್ಟಿತು.

ಬಾಯಿ ಮುಚ್ಚಬಾರದೆಂಬ ಮಾತಿಗೆ ಅತ್ತೆ ಕಾರಣವನ್ನೂ ಹೇಳಿದರು. ಹೇಳುವಾಗ ದನಿ ತಗ್ಗಿಸಿದ್ದರು.

"ಹಿಂದೆ ಇಲ್ಲೊಬ್ಬಳು ಗಾಜಿನಜ್ಜಿ ಇದ್ಲು. ಅವಳ ಮಗ ದೊಡ್ಡ ಒಲೆಯ ಬೂದಿಗುಂಡಿಗೆ ಇಳಿದಿದ್ದ. ಕಮ್ಮಾರರು ನೋಡ್ದೆ ಹೊರಗಿಂದ ಬಾಗಿಲು ಜಡಿದ್ರು. ಉಸಿರುಕಟ್ಟಿ ಸತ್ತ. ಅಜ್ಜಿ ಅಳಲಿಲ್ವಂತೆ. ಒಂದು ಗಾಜಿನ ಗುಂಡು ಊದಿ, ಬಾಯಿ ಮುಚ್ಚಿ, ಅದರ ಮೇಲೆ ಏನೇನೋ ಅಂದು ಒಲೆಯ ತಳದಲ್ಲಿ ಹೂತುಬಿಟ್ಲು. ಆವತ್ತಿಂದ ಈ ಬೆಂಕೀಲಿ ಗಾಜಿನ ಬಾಯಿ ಮುಚ್ಚಿದ್ರೆ, ಒಳಗೆ ಸಿಕ್ಕಿಬೀಳೋ ಉಸಿರು ಊದಿದವಳದ್ದಲ್ಲ. ಅವಳ ಮನೆ ಕಮ್ಮಾರಂದು."

"ಗಾಳಿ ಬಿಸಿಯಾದ್ರೆ ಹಿಗ್ಗುತ್ತೆ, ಆರಿದ್ರೆ ಕುಗ್ಗುತ್ತೆ. ಇದರ ಮಧ್ಯೆ ಮಾಟಕ್ಕೆ ಜಾಗ ಎಲ್ಲಿದೆ ಅತ್ತೆ?"

ಅತ್ತೆ ಬೀದಿಯಾಚೆ ಮಗನ ಕುಲುಮೆಯ ಕಡೆ ನೋಡಿದರು. ಇನ್ನೇನೋ ಹೇಳುವವರಂತೆ ತುಟಿ ತೆರೆದು, ಹೇಳದೆ, ಬೂದಿ ಗೋರಲು ಎದ್ದು ಹೋದರು.

ಸೊಸೆಗೆ ಅದು ನುಂಗಲಾರದ ತುತ್ತಾಯಿತು. ಅವಳ ತವರಿನವರು ಹೆಸರು ಮಾಡಿದ್ದೇ ಬಾಯಿ ಮುಚ್ಚಿದ ಗಾಜಿನಲ್ಲಿ. ಮೀನುಬಲೆ ಮುಳುಗದಂತೆ ಅಂಚಿಗೆ ಕಟ್ಟುವ ಗಾಜಿನ ಗುಂಡುಗಳು ಅವು. ಒಳಗೆ ಗಾಳಿ ತುಂಬಿಕೊಂಡು ವರ್ಷಗಟ್ಟಲೆ ಅಲೆಯ ಮೇಲೆ ತೇಲುತ್ತವೆ. ಈ ಕೂಟದಲ್ಲಿ ಬರೀ ದೀಪದ ಬುರುಡೆ, ಸೀಸೆ, ಲೋಟ. ಹತ್ತಿರದ ಬಂದರಿನವರು ಇನ್ನೂ ನೀರು ಕುಡಿದು ಮುಳುಗುವ ಮರದ ತುಂಡುಗಳನ್ನೇ ಕಟ್ಟಿಕೊಂಡಿದ್ದಾರೆ. ಗೊತ್ತಿರುವ ಕೆಲಸವನ್ನು ಯಾರೋ ಸತ್ತ ಮುದುಕಿಗೆ ಹೆದರಿ ಬಿಡಬೇಕೆ?

ಒಂದು ಬೆಳಗ್ಗೆ ಅತ್ತೆ ದೊಡ್ಡ ಒಲೆಯ ಸರದಿಗೆ ಹೋದಾಗ ಅವಳು ಮೊದಲನೆಯ ಗುಂಡನ್ನು ಊದಿದಳು. ಎರಡು ಮುಷ್ಟಿ ಗಾತ್ರ, ಹಸಿರು ಬಣ್ಣ, ದಪ್ಪ ಮೈ. ಕೊಳವೆಯಿಂದ ಬಿಡಿಸಿ, ತೂತಿನ ಮೇಲೆ ಕೆಂಪಗೆ ಕಾದ ಗಾಜಿನ ಹನಿಯೊಂದನ್ನು ಇಳಿಸಿ ಒತ್ತಿದಳು. ಆ ಕ್ಷಣಕ್ಕೆ ಬೀದಿಯಾಚೆ ಗಂಡನ ಸುತ್ತಿಗೆ ಒಂದು ಏಟು ತಪ್ಪಿತು. ಅವಳು ಗಮನಿಸಲಿಲ್ಲ.

ಬಲೆಗೆ ಕಬ್ಬಿಣದ ಬಳೆ ಮಾಡಿಸಲು ಬಂದಿದ್ದ ದೋಣಿಯವನೊಬ್ಬನಿಗೆ ಅದನ್ನು ತೋರಿಸಿದಳು. ಅವನು ಅನುಮಾನದಿಂದ ತಿರುಗಿಸಿ ನೋಡಿದ.

"ಚೆಂದ ಇದೆ ಅಕ್ಕ. ಆದ್ರೆ ಗಾಜಲ್ವಾ?"

ಅವಳು ಗುಂಡನ್ನು ಕಸಿದುಕೊಂಡು ಹೊಸ್ತಿಲ ಕಲ್ಲಿಗೆ ಕುಟ್ಟಿದಳು. ಟಣ್. ಮತ್ತೊಮ್ಮೆ ಕುಟ್ಟಿದಳು. ಟಣ್. "ನೋಡಿದ್ಯಾ? ಕಲ್ಲಿಗೆ ಬಡಿದ್ರೂ ಒಡೆಯಲ್ಲ."

ದೋಣಿಯವನ ಮುಖ ಅರಳಿತು. ಒಂದನ್ನು ಬಲೆಗೆ ಕಟ್ಟಿ ನೋಡುತ್ತೇನೆ, ನಾನು ಬರುವಷ್ಟರಲ್ಲಿ ಇನ್ನೂ ಆರು ಮಾಡಿಡಿ ಎಂದು ಹೇಳಿ, ಗುಂಡನ್ನು ಅಂಗಿಯೊಳಗೆ ಸೇರಿಸಿಕೊಂಡು ಹೋದ.

ಮುಂದಿನ ಹದಿನೈದು ದಿನ ಅತ್ತೆಯ ಕಣ್ಣು ತಪ್ಪಿಸಿ ಅವಳು ಆರು ಗುಂಡುಗಳನ್ನು ಮಾಡಿದಳು. ಒಳಕೋಣೆಯ ಹಲಗೆಯ ಮೇಲೆ ಸಾಲಾಗಿಟ್ಟು ಗೋಣಿತಾಟು ಹೊದಿಸಿದಳು. ಅದೇ ಹದಿನೈದು ದಿನದಲ್ಲಿ ಗಂಡ ಇಳಿದುಹೋದ. ಬೆಳಗಿನಿಂದ ಸಂಜೆಯವರೆಗೆ ಬಡಿದರೂ ದಣಿಯದಿದ್ದ ಮನುಷ್ಯ ಈಗ ತಿದಿಯ ಹಗ್ಗ ಎಳೆಯುವಾಗ ನಡುನಡುವೆ ನಿಲ್ಲತೊಡಗಿದ. ಊಟಕ್ಕೆ ಬರುವಾಗ ನಾಲ್ಕು ಮೆಟ್ಟಿಲು ಹತ್ತಿ ಗೋಡೆ ಹಿಡಿದುಕೊಂಡ.

"ಏನ್ರೀ ಆಯ್ತು?"

"ಏನಿಲ್ವೇ. ಹೊಗೆ ಜಾಸ್ತಿ ಈಚೆಗೆ" ಎಂದ. ಅಷ್ಟು ಹೇಳುವುದಕ್ಕೂ ಮಧ್ಯೆ ಒಮ್ಮೆ ಉಸಿರು ಎಳೆದುಕೊಂಡ. ಅವಳಿಗೆ ಒಳಗೊಳಗೇ ಅಳುಕಾಯಿತು. ಹೊಗೆಯೇ ಇರಬೇಕೆಂದು ತನಗೆ ತಾನೇ ಹೇಳಿಕೊಂಡಳು.

ಆರನೆಯದನ್ನು ಮುಚ್ಚಿದ ಮಾರನೆಯ ದಿನ, ಮಧ್ಯಾಹ್ನದ ಹೊತ್ತು, ಗುಂಡುಗಳನ್ನು ಹುಲ್ಲಿನಲ್ಲಿ ಸುತ್ತಿಡೋಣವೆಂದು ಒಳಕೋಣೆಗೆ ಹೋದಳು. ಕಿಟಕಿಯಿಲ್ಲದ ಕೋಣೆ ಅದು. ಬೂದಿ, ಸುಟ್ಟ ಮರಳು, ಹಳೆಯ ಗೋಣಿಯ ವಾಸನೆ. ಅದರ ಜೊತೆಗೆ ಇನ್ನೊಂದು ವಾಸನೆ ಇತ್ತು. ಬೆವರು, ಕಬ್ಬಿಣದ ಪುಡಿ, ಗಂಡನ ಕತ್ತಿನ ಹತ್ತಿರ ಮೂಗಿಟ್ಟರೆ ಬರುವಂಥದ್ದು. ಅವನೇ ಬಂದು ಕತ್ತಲಲ್ಲಿ ಕೂತಿದ್ದಾನೇನೋ ಎಂದುಕೊಂಡಳು.

"ರೀ?"

ಸಣ್ಣಗೆ ಏನೋ ಕೇಳಿಸುತ್ತಿತ್ತು. ಮಲಗಿದವರು ಬಾಯಿ ತೆರೆದು ಉಸಿರಾಡುವ ಸದ್ದು. ಹಲಗೆಯ ಕಡೆಯಿಂದ ಬರುತ್ತಿತ್ತು.

ದೀಪ ತಂದು ತಾಟು ಸರಿಸಿದಳು. ಆರು ಗುಂಡುಗಳ ಒಳಮೈಯಲ್ಲಿ ಮಬ್ಬು ಕಟ್ಟಿತ್ತು, ಕನ್ನಡಿಗೆ ಉಸಿರು ಬಿಟ್ಟಂತೆ. ಅವಳು ನೋಡುತ್ತಿದ್ದಂತೆ ಮಬ್ಬು ಕರಗಿತು. ಮತ್ತೆ ಕಟ್ಟಿತು. ಕರಗಿತು. ಕಟ್ಟಿತು. ಆರರಲ್ಲೂ ಒಟ್ಟಿಗೇ. ಬಾಯಿ ಮುಚ್ಚಿ ಆರಿದ ಗಾಜಿನೊಳಗೆ ಹಾಗಾಗುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ತಿಳಿದವರು ಆ ಬೀದಿಯಲ್ಲಿ ಯಾರಿದ್ದರು?

ಅತ್ತೆ ಹೇಳಿದ್ದೆಲ್ಲ ನಿಜ. ನಿಜವಾದರೆ, ಮುಚ್ಚಿದ್ದರಿಂದ ಆದದ್ದು ತೆರೆದರೆ ಸರಿಹೋಗಬೇಕು. ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು. ಮೂಲೆಯಲ್ಲಿದ್ದ ಇಕ್ಕಳ ಎತ್ತಿ ಮೊದಲ ಗುಂಡಿಗೆ ಬೀಸಿದಳು.

ಗಾಜು ಪುಡಿಯಾಯಿತು. ಬೆಚ್ಚನೆಯ ಗಾಳಿಯೊಂದು ಅವಳ ಕೆನ್ನೆ ಸವರಿ ಗೂಡಿನ ಕಡೆ ಹೋಯಿತು. ಗೂಡಿನ ಬೆಂಕಿ ಭುಗ್ಗೆಂದಿತು. ಬೀದಿಯಾಚೆ ಸುತ್ತಿಗೆ ಕೈಜಾರಿ ನೆಲಕ್ಕೆ ಬಿದ್ದ ಸದ್ದಾಯಿತು.

ಅವಳು ಗಾಬರಿಯಲ್ಲಿ ಎರಡನೆಯದಕ್ಕೂ ಬೀಸಿದಳು.

ಬೆಂಕಿ ಮತ್ತೆ ಎದ್ದಿತು. ಈ ಸಲ ಬೀದಿಯಾಚೆಯಿಂದ ಬಂದದ್ದು ಮನುಷ್ಯ ಬಿದ್ದ ಸದ್ದು. ಯಾರೋ ಕೂಗಿಕೊಂಡರು. ಇಕ್ಕಳ ಮೂರನೆಯ ಸಲ ಮೇಲೆತ್ತಿದ್ದಾಗ ಹಿಂದಿನಿಂದ ಒಂದು ಕೈ ಅವಳ ಮುಂಗೈಯನ್ನು ಹಿಡಿದುಕೊಂಡಿತು. ಅತ್ತೆ. ಓಡಿ ಬಂದು ಏದುಸಿರು ಬಿಡುತ್ತಿದ್ದರು.

"ಒಡೀಬೇಡ! ಒಡೆದ್ರೆ ಆ ಗಾಜಿನಜ್ಜಿ ಪಾಲು! ಎಷ್ಟು ಒಡೆದೆ?"

"ಎರಡು..."

ಅತ್ತೆ ಗೋಡೆಗೊರಗಿ ಕುಸಿದರು. "ಮೂರಾದ್ರೆ ಮುಗೀತು" ಎಂದರು. "ನಾನೂ ಮೂರು ಮಾಡಿದ್ದೆ ಕಣೇ. ಮಗ ಆಡ್ಕೊಳ್ಳಲಿ ಅಂತ. ಮೊದಲನೇದು ಒಡೆದಾಗ ನಿಮ್ಮ ಮಾವನ ಕೈಯಿಂದ ಸುತ್ತಿಗೆ ಬಿತ್ತು. ಎರಡನೇದಕ್ಕೆ ಅವರೇ ಬಿದ್ರು. ಮೂರನೇದನ್ನ ನಿನ್ನ ಗಂಡ ನಗ್ತಾ ನೆಲಕ್ಕೆ ಎಸೆದ. ಆರು ವರ್ಷ ಅವನಿಗೆ. ಅವನಿಗೆ ಇವತ್ತಿಗೂ ಗೊತ್ತಿಲ್ಲ. ಹೇಗೆ ಹೇಳ್ಲಿ?"

ಅದಕ್ಕೇ ಮೊದಲ ದಿನ ಆ ತುಟಿ ತೆರೆದು ಮುಚ್ಚಿದ್ದು ಎಂದು ಸೊಸೆಗೆ ಈಗ ಹೊಳೆಯಿತು.

"ದಾರಿ ಇಲ್ವಾ ಅತ್ತೆ? ಏನಾದ್ರೂ?"

"ಇದೆ. ನನಗೆ ಧೈರ್ಯ ಬರಲಿಲ್ಲ." ಅತ್ತೆ ಸೊಸೆಯ ಮುಖ ನೋಡಲಿಲ್ಲ. "ಊದಿದವಳೇ ಒಳಗಿನ ಉಸಿರನ್ನ ಕೊಳವೇಲಿ ಹೀರ್ಕೋಬೇಕು. ಹೀರಿ, ಅವನ ಬಾಯಿಗೆ ಬಿಡ್ಬೇಕು."

ಗಾಜಿನವರ ಮಕ್ಕಳಿಗೆ ಎಲ್ಲಕ್ಕಿಂತ ಮೊದಲು ಕಲಿಸುವುದು ಅದನ್ನೇ: ಕೊಳವೆ ಬಾಯಲ್ಲಿರುವಾಗ ಉಸಿರು ಒಳಗೆ ಎಳೆಯಬೇಡ. ಉಸಿರು ಬೇಕಾದರೆ ತುಟಿ ಬಿಡಿಸಿಕೊಂಡು ಮೂಗಿನಿಂದ ತೆಗೆದುಕೋ. ಮರೆತು ಎಳೆದುಕೊಂಡ ಒಬ್ಬನನ್ನು ಅವಳು ತವರಿನಲ್ಲಿ ನೋಡಿದ್ದಳು. ಅವನು ಮೂರು ದಿನ ಬದುಕಿದ್ದ.

"ಅವರನ್ನ ಇಲ್ಲಿಗೆ ತರ್ಸಿ" ಎಂದಳು.

ನಾಲ್ವರು ಕಮ್ಮಾರರು ಗಂಡನನ್ನು ಹೊತ್ತು ತಂದು ಗೂಡಿನ ಮುಂದೆ ಮಲಗಿಸಿದರು. ತುಟಿ ನೀಲಿಗಟ್ಟಿತ್ತು. ಕಣ್ಣು ಅರೆತೆರೆದಿತ್ತು. ಎದೆ ಏಳುತ್ತಿತ್ತೋ ಇಲ್ಲವೋ ತಿಳಿಯದಷ್ಟು ಸಣ್ಣಗೆ ಏಳುತ್ತಿತ್ತು. ಆದರೆ ಬಾಯಿ ಬಿಡಿಸಲೆಂದು ಆರಿದ ಗಾಜನ್ನು ಒಮ್ಮೆಲೇ ಬೆಂಕಿಗೆ ಹಿಡಿದರೆ ಸೀಳುತ್ತದೆ. ಸೀಳಿದರೆ ಅದೇ ಮೂರನೆಯದು. ಅವಳು ನಾಲ್ಕು ಗುಂಡುಗಳನ್ನೂ, ಹೊಸ ಗಾಜನ್ನು ನಿಧಾನವಾಗಿ ಆರಿಸಲು ಬಳಸುವ ತಣಿಸುವ ಗೂಡಿನಲ್ಲಿಟ್ಟು, ಅಷ್ಟೇ ನಿಧಾನವಾಗಿ ಕಾಯಲೆಂದು ಒಂದೊಂದೇ ಕೆಂಡ ಸೇರಿಸುತ್ತಾ ಕೂತಳು. ಒಂದು ಕೆಂಡ. ಗಂಡನ ಮುಖ. ಇನ್ನೊಂದು ಕೆಂಡ. ಗಂಡನ ಮುಖ. ಅವಳ ಜೀವಮಾನದಲ್ಲೇ ಅಷ್ಟು ಉದ್ದದ ಮಧ್ಯಾಹ್ನ ಬಂದಿರಲಿಲ್ಲ.

ಹದ ಬಂತು. ಮೊದಲನೆಯದರ ಮುಚ್ಚಿದ ಬಾಯಿಯನ್ನು ಬೆಂಕಿಗೆ ಹಿಡಿದಳು. ಗಾಜು ಕೆಂಪಾಯಿತು. ಮೆತ್ತಗಾಯಿತು. ಕೊಳವೆ ಒತ್ತಿದಳು. ಗಂಡ ಅವಳ ಅಳತೆಗೆ ಮಾಡಿದ ಕೊಳವೆ. ತುಟಿ ಇಟ್ಟಳು.

ಎಳೆದಳು.

ಬೆಂಕಿ ಗಂಟಲಿಗೆ ಇಳಿಯಿತು. ಕಣ್ಣು ಕತ್ತಲಾಯಿತು. ಕತ್ತಲಲ್ಲಿ ಯಾರೋ ಮುದುಕಿ ಕಿವಿಯ ಹತ್ತಿರ ನಕ್ಕಳು. ಅವಳು ಬಿಡಲಿಲ್ಲ. ಬಾಗಿದಳು. ಗಂಡನ ಬಾಯಿಗೆ ಬಾಯಿಟ್ಟಳು. ಬಿಟ್ಟಳು. ಅವನ ಎದೆ ಒಂದು ಬೆರಳು ಮೇಲೆದ್ದಿತು.

ಎರಡನೆಯದು. ಬಾಯಲ್ಲಿ ರಕ್ತದ ರುಚಿ. ಅವನ ತುಟಿಯ ನೀಲಿ ಸರಿಯಿತು.

ಮೂರನೆಯದು. ಅವಳಿಗೆ ಕಿರುಚಬೇಕೆನಿಸಿತು. ಕಿರುಚಲು ಏನೂ ಉಳಿದಿರಲಿಲ್ಲ.

ನಾಲ್ಕನೆಯದು. ಅವನು ಕೆಮ್ಮಿದ. ಕಣ್ಣು ಬಿಟ್ಟ. "ಏನಾಯ್ತೇ?" ಎಂದು ಕೇಳಿದ. ಅವಳು ಉತ್ತರ ಕೊಡಲು ಬಾಯಿ ತೆರೆದಳು. ಬರೀ ಗಾಳಿ ಬಂತು.

ಅವಳು ಉಳಿದಳು. ತಿಂಗಳುಗಟ್ಟಲೆ ಮಲಗಿ ಎದ್ದಳು. ದನಿ ಮಾತ್ರ ಹಿಂತಿರುಗಲಿಲ್ಲ, ಪಿಸುಮಾತಿನಷ್ಟೂ ಇಲ್ಲ. ಊದುವ ಕೆಲಸ ಅಲ್ಲಿಗೆ ಮುಗಿಯಿತು. ಕೊಳವೆಯನ್ನು ಗಂಡ ಗೋಡೆಗೆ ನೇತುಹಾಕಿದ. ಅತ್ತೆ ಗಂಜಿ ಕುಡಿಸುವಾಗ ಅಳುತ್ತಿದ್ದರು. ಮಗನಿಗೆ ಸೊಸೆಯ ತಪ್ಪನ್ನು ಹೇಳಿದ್ದರು, ತಮ್ಮದನ್ನು ಹೇಳಿರಲಿಲ್ಲ. ಸೊಸೆಗೆ ಅದನ್ನು ಹೇಳುವ ದನಿಯಿರಲಿಲ್ಲ, ಇದ್ದಿದ್ದರೂ ಅವಳು ಹೇಳುತ್ತಿರಲಿಲ್ಲ.

ಅವಳನ್ನು ತಿನ್ನುತ್ತಿದ್ದುದು ಏಳನೆಯದು. ಮೊದಲು ಮಾಡಿ, ಕೈಯಾರೆ ಕಳಿಸಿದ್ದು. ಅದು ಎಲ್ಲೋ ಸಮುದ್ರದ ಮೇಲೆ, ಬಂಡೆಗಳ ನಡುವೆ, ಗಂಡನ ಒಂದು ಉಸಿರು ಹೊತ್ತು ತೇಲುತ್ತಿದೆ. ಅವಳು ಕೈಸನ್ನೆಯಲ್ಲಿ ತಿಳಿಸಿದ ಮೇಲೆ ಅತ್ತೆ ಬಂದರಿಗೆ ಹೇಳಿ ಕಳಿಸಿದರು: ಆ ಗುಂಡು ಒಡೆಯದೆ ವಾಪಸ್ ಬೇಕು. ಹೋಗಿಬರುವ ಎಲ್ಲರ ಬಾಯಲ್ಲೂ ಹೇಳಿಸಿದರು. ಅದು ಬಂದ ದಿನ ಬೇಕೆಂದು ತಣಿಸುವ ಗೂಡನ್ನು ದಿನವೂ ಬೆಚ್ಚಗಿಟ್ಟರು. ಇನ್ನೊಮ್ಮೆ ಎಳೆದುಕೊಂಡರೆ ತಾನು ಉಳಿಯುವುದಿಲ್ಲವೆಂದು ಸೊಸೆಗೆ ಗೊತ್ತಿತ್ತು. ಆದರೂ ಸಿದ್ಧಳಾಗಿದ್ದಳು. ಕೋಣೆಯ ಒಳಗೆ ಕೂತು ಬೀದಿಯಾಚೆಯ ಸುತ್ತಿಗೆಯನ್ನು ಕೇಳುತ್ತಿದ್ದಳು. ಗಂಡ ನೀರು ಕುಡಿಯಲೆಂದು ಅದನ್ನು ನಿಲ್ಲಿಸಿದರೂ ಅವಳ ಎದೆ ನಿಲ್ಲುತ್ತಿತ್ತು.

ಬಿಸಿಲು ಚೆನ್ನಾಗಿದ್ದ ಒಂದು ಬೆಳಗ್ಗೆ ದೋಣಿಯವನು ಬಂದ. ಹೊಸ್ತಿಲಲ್ಲೇ ನಿಂತು ಹಲ್ಲು ಕಿರಿದ. ಕೈಯಲ್ಲಿ ಗುಂಡು. ಉಪ್ಪು ಹತ್ತಿ ಮೈಯೆಲ್ಲ ಗೀರಾಗಿದ್ದರೂ ಇಡಿಯಾಗಿತ್ತು. ಒಳಗೆ ಮಬ್ಬು ಕಟ್ಟುತ್ತಿತ್ತು, ಕರಗುತ್ತಿತ್ತು.

"ಒಡೆದಿದ್ಯಾ ಇಲ್ವಾ ಅಂತ ಕೇಳಿ ಕಳಿಸಿದ್ರಂತಲ್ಲ ಅಕ್ಕ! ಎಂಟು ತಿಂಗಳು, ಎರಡು ಬಿರುಗಾಳಿ. ಒಂದು ಚೂರೂ ಹೋಗಿಲ್ಲ!"

ಅವಳು ಗೂಡಿನ ಪಕ್ಕದಿಂದ ಎದ್ದಳು. ಹತ್ತು ಹೆಜ್ಜೆ ದೂರ. ಎರಡೂ ಕೈ ಚಾಚಿದಳು. ಅತ್ತೆ ಒಳಕೋಣೆಯಲ್ಲಿದ್ದರು.

"ನೀವೇ ಹೇಳಿದ್ರಲ್ಲ, ಕಲ್ಲಿಗೆ ಬಡಿದ್ರೂ ಒಡೆಯಲ್ಲ ಅಂತ?"

ಅವನು ಬಗ್ಗಿದ. ಅವಳು ಬಾಯಿ ತೆರೆದಳು. ಗಂಟಲಿನ ನರಗಳೆಲ್ಲ ಉಬ್ಬಿದವು. ಬೇಡ. ಸದ್ದಿಲ್ಲ. ಬೇಡ, ಬೇಡ. ಸದ್ದಿಲ್ಲ. ಓಡಿದಳು.

ಟಣ್.

ಒಡೆಯಲಿಲ್ಲ. "ನೋಡಿದ್ರಾ!" ಎಂದು ಅವನು ಖುಷಿಯಿಂದ ನಕ್ಕ. ಅವಳು ಅಂದು ಮಾಡಿ ತೋರಿಸಿದ್ದ ಹಾಗೆಯೇ ಕೈಯನ್ನು ಮತ್ತೆ ಮೇಲೆತ್ತಿದ. ಇನ್ನೆರಡು ಹೆಜ್ಜೆ. ಒಂದು.

ಗಾಜು ಒಡೆದ ಸದ್ದು ಬಹಳ ಚಿಕ್ಕದಾಗಿತ್ತು. ಬೆಚ್ಚನೆಯ ಗಾಳಿ ಅವಳ ಕೆನ್ನೆ ಸವರಿಕೊಂಡು ಗೂಡಿನ ಕಡೆ ಹೋಯಿತು. ಹಿಂದೆ ಬೆಂಕಿ ಭುಗ್ಗೆಂದಿತು. ಅವಳು ಚಾಚಿದ ಕೈ ಚಾಚಿಕೊಂಡೇ ನಿಂತು, ಬೀದಿಯಾಚೆ ಸುತ್ತಿಗೆಯ ಮುಂದಿನ ಏಟಿಗೆ ಕಿವಿಗೊಟ್ಟಳು. ಕಾದಳು. ಮತ್ತೂ ಕಾದಳು.

ದೋಣಿಯವನು ಚೂರುಗಳನ್ನು ಕಾಲಿನಿಂದ ಬದಿಗೆ ಸರಿಸಿದ. "ಅಯ್ಯೋ, ಹೋಗ್ಲಿ ಬಿಡಿ ಅಕ್ಕ" ಎಂದ. "ಇನ್ನೊಂದು ಊದಿದ್ರಾಯ್ತು."