ಕತ್ತಲಲ್ಲೇ ನೀಲಿಯಾದ ಹರಳು

ಬೊಲಿವಿಯಾದ ತವರದ ಗಣಿಗಳಲ್ಲಿ ಹರಳು ಗುರುತಿಸಿ ಬೆಲೆ ಕಟ್ಟುತ್ತಾ ಮೂವತ್ತು ವರ್ಷ ಸವೆದೆ. ಕಣ್ಣೂ ಸೋತಿವೆ, ಮೊಣಕಾಲೂ ಸೋತಿವೆ. ಆದರೆ ವಿವಿಯನೈಟ್ ಹರಳಿನ ವಿಷಯದಲ್ಲಿ ಮೋಸ ಹೋದವನಲ್ಲ. ಕತ್ತಲಲ್ಲಿರುವವರೆಗೆ ಅದಕ್ಕೆ ಬಣ್ಣವೇ ಇಲ್ಲ, ಆ ಬಣ್ಣವಿಲ್ಲದ್ದಕ್ಕೇ ಬೆಲೆ ಹೆಚ್ಚು. ವರ್ಷಗಟ್ಟಲೆ ಬೆಳಕು ಬಿದ್ದರೆ ಕಡುನೀಲಿಯಾಗುತ್ತದೆ.

ಅಂದು ಬೆಳಿಗ್ಗೆ ಗಣಿಗಾರ ವೆನ್ಸೆಸ್ಲಾವೊ ಕೋಲ್ಕೆ ಸುರಂಗದ ತುದಿಯಲ್ಲಿ ನನ್ನೆದುರೇ ಬಂಡೆ ಒಡೆದ. ಒಳಗೆ ಕೋಣೆಯಷ್ಟು ಪೊಳ್ಳು, ಒಳಹೋಗಲು ಬೇರೆ ದಾರಿಯಿಲ್ಲ. ಬಂಡೆ ತಣ್ಣಗಿತ್ತು, ಒಳಗಿನ ಗಾಳಿ ಬೆಚ್ಚಗಿತ್ತು. ಗಣಿಯವರು ದಣಿವಿಗೆ ಅಗಿಯುವ ಕೋಕಾ ಎಲೆಯ ವಾಸನೆ, ಆಗಷ್ಟೇ ಅಗಿದಂತೆ. ಗೋಡೆ ತುಂಬ ಕಡುನೀಲಿ ಹರಳು.

"ಯಾವಾಗಲೋ ಒಡೆದು ದೀಪ ಹಚ್ಚಿಟ್ಟಿದ್ದೀಯೇನೋ?" ಎಂದೆ.

"ನಿಮ್ಮ ಕಣ್ಣೆದುರೇ ಒಡೆದ್ನಲ್ಲ ಯಜಮಾನ್ರೇ, ನಿದ್ದೆ ಮಾಡ್ತಿದ್ರಾ? ಎರಡು ವರ್ಷ ಅಗೆದಿದೀನಿ!"

ಒಂದು ಹರಳು ಕಿತ್ತೆ. ಪೊಳ್ಳಿನ ನಡುವಿಗೆ ಮುಖ ಮಾಡಿದ ಬದಿ ಮಾತ್ರ ನೀಲಿ; ಬೆಳಕು ಒಳಗಿನಿಂದಲೇ ಬಿದ್ದಿತ್ತು.

"ಅಲ್ಲಿ ಬಿಳೀದು ಇದೆ ನೋಡಿ," ಎಂದು ಅವನು ಆಸೆಯಿಂದ ಎದುರು ಗೋಡೆಗೆ ದೀಪ ಹಿಡಿದ. "ಅದಕ್ಕಾದ್ರೂ ಒಳ್ಳೇ ಬೆಲೆ ಹೇಳಿ."

ದೀಪ ಅವನ ಕೈಯಿಂದ ತೆಗೆದುಕೊಂಡು ಹತ್ತಿರ ಹೋದೆ. ಅಷ್ಟು ನೀಲಿಯ ನಡುವೆ ಯಾರದೋ ನೆರಳು ಬಿದ್ದು ಬಣ್ಣ ಹತ್ತದೆ ಉಳಿದಿದ್ದ ಜಾಗಕ್ಕೆ ತಲೆಯಿತ್ತು, ಗಣಿಯ ಟೊಪ್ಪಿಯಿತ್ತು, ಮಡಚಿ ಕುಳಿತ ಎರಡು ಮೊಣಕಾಲಿದ್ದವು.