ಶನಿಯಣ್ಣನ ಬಳೆ

“ಚಂದ್ರನ ಕೆಳಗೆ ನಿಮ್ಮ ಮೊಬೈಲ್ ನಂಬರ್ ಯಾಕ್ರಿ?!”

ಕೊಟ್ಟೂರಿನಲ್ಲಿ ಅಂಗಡಿ ಬೋರ್ಡು ಬರೆಯುವ ಮೈಲಾರೇಶನ ಕುಂಚ ಗಾಳಿಯಲ್ಲೇ ನಿಂತಿತು. ಎದುರಿಗೆ ಸರ್ಕಾರಿ ಶಾಲೆಯ ಸಮತಾ ಟೀಚರ್. ಕೈಯಲ್ಲಿ, ಮಕ್ಕಳಿಗಾಗಿ ಅವಳು ಚಂದ್ರ, ಗ್ರಹಗಳ ಪದ್ಯ ಕಟ್ಟಿ, ಅವನು ಚಿತ್ರ ಬಿಡಿಸಿದ ದೊಡ್ಡ ಪುಸ್ತಕ.

“ರೂಢಿ ರೀ. ಬೋರ್ಡು ಮುಗೀತಿದ್ದಂಗ ಕೈ ತಾನೇ ನಂಬರ್ ಬರದುಬಿಡತೈತಿ.”

“ಚಂದ್ರ ನಿಮ್ಮ ಬೋರ್ಡೇನ್ರಿ?”

“ಇಡೀ ತಾಲ್ಲೂಕಿಗೆ ಕಾಣೋ ಜಾಗ ನೋಡ್ರಿ... ಅಳಿಸ್ತೀನಿ ಬಿಡ್ರಿ.”

ನಗು ಬಂತು. ನುಂಗಿಕೊಂಡಳು. ಮೂರು ತಿಂಗಳಿಂದ ಪ್ರತಿ ಶುಕ್ರವಾರ ಸಂಜೆ ಜಗಳಕ್ಕೆ ಬರುತ್ತಾಳೆ, ಚಹಾ ಕುಡಿದು ಹೋಗುತ್ತಾಳೆ. ಏಕೆ ಬರುತ್ತಾಳೆಂಬುದು ಅವಳೊಬ್ಬಳನ್ನು ಬಿಟ್ಟು ಇಡೀ ಬೀದಿಗೆ ಗೊತ್ತಿತ್ತು.

ಮುಖಪುಟ ತಿರುಗಿಸಿದಳು. ‘ಶನಿಯಣ್ಣನ ಬಳೆ’ ಎಂದಿತ್ತು. ಅದರ ಕೆಳಗೆ... ಖಾಲಿ!

“ನನ್ನ ಹೆಸರು?”

“ಅದು ಆಮ್ಯಾಲೆ ರೀ...”

ಕಾಲೇಜಿನಲ್ಲಿದ್ದಾಗ ಅವಳ ಪದ್ಯ ಬೇರೊಬ್ಬನ ಹೆಸರಲ್ಲಿ ಅಚ್ಚಾಗಿತ್ತು. ಆಗಲೂ ‘ಆಮೇಲೆ ಸರಿಮಾಡೋಣ’ ಎಂದಿದ್ದರು. ಆ ‘ಆಮೇಲೆ’ ಇನ್ನೂ ಬಂದಿಲ್ಲ.

‘ಇವನೂ ಅಷ್ಟೇನಾ...?’

“ನಾಳೆ ಮಕ್ಕಳ ಮುಂದ ಪುಸ್ತಕ ತೆರೀತೀನಿ. ನೀವು ಶಾಲಿ ಕಡಿ ಬರಬ್ಯಾಡ್ರಿ!”

ಮೈಲಾರೇಶ ಬಾಯಿ ತೆರೆಯುವಷ್ಟರಲ್ಲಿ ಅವಳು ಬೀದಿಯ ತಿರುವು ದಾಟಿದ್ದಳು.

ಮರುದಿನ ತರಗತಿಯಲ್ಲಿ ಪುಸ್ತಕ ತೆರೆಯಿತು. ಗುಡೇಕೋಟೆ ಕಾಡಿನ ಕರಡಿಯೊಂದು ಬಂಡೆಯ ಮೇಲೆ ಕೂತು ಆಕಾಶದ ಚಿಕ್ಕಿ ಎಣಿಸುವ ಪುಟಕ್ಕೇ ಮಕ್ಕಳೆಲ್ಲ ಮುಂದೆ ಸರಿದರು. ಶನಿಗ್ರಹ ಬಂದಾಗ ಮಾತ್ರ ಪುಟ್ಟ ಉಚ್ಚಂಗೆಮ್ಮ ಎರಡೂ ಕಿವಿ ಮುಚ್ಚಿಕೊಂಡಳು. ಅವರ ಮನೆಯಲ್ಲಿ ಆ ಹೆಸರು ಎತ್ತುವಂತಿಲ್ಲ.

ಸಮತಾ ಹಾಡಿದಳು:

“ಶನಿಯಣ್ಣ, ಕೈಯಿಲ್ಲ, ಬಳೆ ಎಲ್ಲಿ ತೊಟ್ಟೆ?
ಕೈಯಿಲ್ದಿದ್ರೇನಾತು, ಐತಲ್ಲ ಹೊಟ್ಟೆ!”

ಹೊಟ್ಟೆಗೆ ಬಳೆ ಸಿಕ್ಕಿಸಿಕೊಂಡು ನಾಚಿ ನಿಂತ ಶನಿಯನ್ನು ಕಂಡು ಉಚ್ಚಂಗೆಮ್ಮನ ಕೈ ಕಿವಿಯಿಂದ ಜಾರಿತು.

“ಟೀಚರ್, ಶನಿಯಣ್ಣಂದು ಇನ್ನೊಮ್ಮಿ!”

ಇಡೀ ತರಗತಿ ಕೂಗಿತು. ಗೆದ್ದಿದ್ದಳು ಸಮತಾ! ಆದರೂ ಕಣ್ಣು ಬಾಗಿಲಿಗೇ ಹೋಯಿತು...

ಬಾಗಿಲಲ್ಲಿ ಮೈಲಾರೇಶ. ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ, ಒಂದು ಕುಂಚ.

“ಬರಬ್ಯಾಡ ಅಂದಿದ್ದೆ.”

“ಕೆಲಸ ಬಾಕಿ ಐತಿ ರೀ. ಮಾಲೀಕರ ಹೆಸರು ನಾವು ಮೊದಲೇ ಬರಿಯಂಗಿಲ್ಲ. ಅಂಗಡಿ ತೆರಿಯೋ ದಿನ, ಅವರ ಎದುರಿಗೇ ಬರೀಬೇಕು. ನಮ್ಮಪ್ಪನ ಕಾಲದಿಂದ ಹಂಗ. ನಿಮ್ಮ ಅಂಗಡಿ ಇವತ್ತು ತೆರದೈತಿ, ಟೀಚರ್.”

‘ಅಯ್ಯೋ... ನಾನೇನು ಮಾಡಿಬಿಟ್ಟೆ!’

“ನಿನ್ನಿನೇ ಹೇಳಾಕ ಏನಾಗಿತ್ರಿ?”

“ನೀವು ಬಾಯಿ ತೆರಿಯಾಕ ಬಿಟ್ರೇನು?”

ಅವನು ಮಂಡಿಯೂರಿ ಕೂತು, ಮುಖಪುಟದ ಖಾಲಿ ಜಾಗದಲ್ಲಿ ಬರೆದ. ಮಕ್ಕಳು ಒಂದೊಂದೇ ಅಕ್ಷರ ಕೂಗಿದರು: “ಸ... ಮ... ತಾ!”

ತನ್ನ ಹೆಸರನ್ನು ಅಷ್ಟು ಜನ ಒಟ್ಟಿಗೆ ಓದಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಕುಂಚ ಕಸಿದುಕೊಂಡು, ಪಕ್ಕದಲ್ಲೇ ಅವನ ಹೆಸರು ಬರೆದಳು.

“ಅಕ್ಷರ ಸೊಟ್ಟ ಆದುವು ರೀ,” ಎಂದ ಅವನು, ಪುಟದತ್ತ ಬಗ್ಗಿ.

“ಜೋಡಿ ಚಂದ ಕಾಣ್ತೈತೋ ಇಲ್ಲೋ, ಹೇಳ್ರಿ.”

“ಬಾಳ ಚಂದ...”

“ಹಂಗಾದ್ರ ಪುಸ್ತಕದಾಗ ಅಷ್ಟೇ ಯಾಕ?”

ಬೋರ್ಡಿನವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದಾಗ ಡಬ್ಬಿ ಉರುಳಿತು.

“ಲಗ್ನಪತ್ರಿಕಿ... ನಾನೇ ಬರೀಲಾ, ಟೀಚರ್?”

“ಬರೀರಿ. ಟೀಚರ್ ಅಂತ ಮಾತ್ರ ಬರೀಬ್ಯಾಡ್ರಿ.”

“ಸಮತಾ...”

“ಹೂಂ.”