ಐದು ಸಾಲಿನ ಹಾಳೆ

ಗಡಿಯಾಚೆಯ ಅಲ್ಮಾಟಿ ನಗರದಿಂದ ಬಂದಿದ್ದ ಖರೀದಿದಾರಳು ಹೊರಡುವಾಗ ಹಿಡಿದದ್ದು ಕನಿಮೆತ್‌ನ ಕೈ. ಅದನ್ನು ಮಗುಚಿ, ಸೋಪು ನೀರಿಗೆ ಬಿರಿದ ಅಂಗೈ ನೋಡಿ, "ನಿಮ್ಮ ಕಂಪನಿ ಅಂದ್ರೆ ಇದೇ" ಎಂದಳು. ಮೆಡೆರ್ ಪಕ್ಕದಲ್ಲೇ ನಿಂತಿದ್ದ. ಅವನ ಕೈಯಲ್ಲಿ ಅವಳ ಕೋಟು ಇತ್ತು.

ಕೊಚ್ಕೋರ್ ಎಂಬ ಊರಿನ ಹಳೆಯ ಗ್ಯಾರೇಜೊಂದರಲ್ಲಿ ಇಬ್ಬರೂ ಸೇರಿ ಉಣ್ಣೆ ಚಪ್ಪಲಿ ಮಾಡಲು ಶುರು ಮಾಡಿ ನಾಲ್ಕು ವರ್ಷವಾಗಿತ್ತು. ಶಾಲೆಯಲ್ಲಿ ಇಬ್ಬರದೂ ಒಂದೇ ಬೆಂಚು. ಉಣ್ಣೆಯನ್ನು ಬಿಸಿನೀರಲ್ಲಿ ನೆನೆಸಿ, ತುಳಿದು, ಉರುಳಿಸಿ, ಒಂದು ಹೊಲಿಗೆಯೂ ಇಲ್ಲದೆ ಚಪ್ಪಲಿ ಎಬ್ಬಿಸುವ ವಿದ್ಯೆ ಕನಿಮೆತ್‌ಗೆ ತಾಯಿಯಿಂದ ಬಂದದ್ದು. ಉಳಿದದ್ದೆಲ್ಲ ಮೆಡೆರ್‌ನದು. ಅಂಗಡಿಗಳನ್ನು ಅಲೆದವನು ಅವನು, ಪರವಾನಗಿಗೆ ಸಾಲಿನಲ್ಲಿ ನಿಂತವನು ಅವನು, ಇಬ್ಬರು ಹೆಂಗಸರ ಕೆಲಸವನ್ನು ಹದಿನಾಲ್ಕು ಹೆಂಗಸರ ಕೆಲಸ ಮಾಡಿದವನೂ ಅವನೇ. ಕನಿಮೆತ್ ಹತ್ತು ಗಂಟೆಗೆ ಎದ್ದು, ತಲೆ ಬಾಚದೆ ಬಂದು, ಮಧ್ಯಾಹ್ನದ ಹೊತ್ತಿಗೆ ಎಲ್ಲರನ್ನೂ ನಗಿಸಿ ಮನೆಗೆ ಹೋಗುತ್ತಿದ್ದ. ಹೆಂಗಸರಿಗೆ ಕನಿಮೆತ್ ಎಂದರೆ ಪ್ರಾಣ, ಮೆಡೆರ್ ಎಂದರೆ ಗಡಿಯಾರ.

ಗಡಿಯಾರ ಎನ್ನಿಸಿಕೊಂಡದ್ದಕ್ಕೆ ಅವನಿಗೆ ಬೇಸರವಿರಲಿಲ್ಲ. ತನ್ನನ್ನು ತಾನೇ ಕಟ್ಟಿಕೊಳ್ಳಲಾರದವನು ಕಂಪನಿ ಕಟ್ಟಲಾರ ಎಂದು ಅವನು ನಂಬಿದ್ದ. ಕಾರ್ಖಾನೆಯ ಗೋಡೆಯ ಮೇಲೆ, ಚಹಾದ ಮೇಜಿನ ಎದುರಿಗೆ, ತಿಂಗಳಿಗೊಂದರಂತೆ ದೊಡ್ಡ ಹಾಳೆಗಳನ್ನು ಅಂಟಿಸಿದ್ದ. ಪ್ರತಿ ಹಾಳೆಯಲ್ಲೂ ಐದು ಸಾಲು. ಐದಕ್ಕೆ ಏಳುವುದು. ತಣ್ಣೀರು ಸ್ನಾನ. ನದಿಯ ದಂಡೆಯಲ್ಲಿ ಓಟ. ರೊಟ್ಟಿ ಇಲ್ಲ. ಇಪ್ಪತ್ತು ಪುಟ ಓದು. ಸಂಜೆ ಆರಕ್ಕೆ, ಹೆಂಗಸರು ಕೈತೊಳೆಯುವ ಹೊತ್ತಿಗೆ, ದಾರ ಕಟ್ಟಿ ತೂಗುಹಾಕಿದ್ದ ಕೆಂಪು ಪೆನ್ನಿನಿಂದ ಆವತ್ತಿನ ಚೌಕಗಳಿಗೆ ಅಡ್ಡಗೀಟು ಹಾಕುತ್ತಿದ್ದ. ತುಂಬಿದ ಹಾಳೆಯನ್ನು ತೆಗೆಯುತ್ತಿರಲಿಲ್ಲ. ಪಕ್ಕದಲ್ಲಿ ಹೊಸದು ಅಂಟುತ್ತಿತ್ತು, ಅಷ್ಟೆ.

"ದಣಿ, ರಾತ್ರಿ ಹೆಂಡತಿ ಪಕ್ಕ ಮಲಗೋದಕ್ಕೂ ಒಂದು ಸಾಲು ಹಾಕಿಬಿಡಿ, ಪಾಪ ಅವಳಿಗೂ ಲೆಕ್ಕ ಸಿಗುತ್ತೆ" ಎಂದು ಹಿರಿಯ ಕೆಲಸಗಾರ್ತಿ ಜಿಪಾರ್ ಅಕ್ಕ ಒಮ್ಮೆ ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು.

ಮೆಡೆರ್ ನಗಲಿಲ್ಲ. "ಜನಕ್ಕೆ ಸುಳ್ಳು ಹೇಳಬಹುದು ಅಕ್ಕ. ಈ ಹಾಳೆಗೆ ಹೇಳಿದ ದಿನ ನಾನು ಮುಗಿದೆ" ಎಂದಿದ್ದ. ಆ ಮಾತು ಅವನಿಗೇ ಎಷ್ಟು ಹಿಡಿಸಿತೆಂದರೆ ಹೊಸದಾಗಿ ಸೇರಿದವರಿಗೆಲ್ಲ ಅದನ್ನೇ ಹೇಳತೊಡಗಿದ.

ಖರೀದಿದಾರಳು ಕೇಳಿದ್ದು ತಿಂಗಳಿಗೆ ಮೂರು ಸಾವಿರ ಜೊತೆ. ಕೈಯಿಂದ ಆಗದ ಮಾತು. ಯಂತ್ರ ಬೇಕಿತ್ತು. ಯಂತ್ರದ ಕಾಗದಕ್ಕೆ ಇಬ್ಬರ ಸಹಿಯೂ ಬೇಕಿತ್ತು.

"ಯಂತ್ರ ಬಂದ್ರೆ ಜಿಪಾರಕ್ಕ ಎಲ್ಲಿಗೆ ಹೋಗಬೇಕೋ?" ಎಂದ ಕನಿಮೆತ್.

"ಮನೆಗೆ. ಅರವತ್ತು ಆಯ್ತು ಅವಳಿಗೆ."

"ಹಾಗಾದ್ರೆ ನಾನೂ ಮನೆಗೇ. ಆಮೇಲೆ ನೀನೊಬ್ಬನೇ ಕೂತ್ಕೊಂಡು ಯಂತ್ರಕ್ಕೆ ತಣ್ಣೀರು ಸ್ನಾನ ಮಾಡಿಸು." ಕನಿಮೆತ್ ಅವನ ಬೆನ್ನಿಗೊಂದು ಗುದ್ದಿ ಹೊರಟುಹೋದ. ಚರ್ಚೆ ಅಲ್ಲಿಗೆ ಮುಗಿಯಿತು. ಮೂರು ಸಲ ಕೇಳಿದರೂ ಹೀಗೆಯೇ ಮುಗಿಯಿತು.

ಮೆಡೆರ್ ಒಪ್ಪಂದದ ಕಾಗದವನ್ನು ಮತ್ತೆ ಓದಿದ. ಪಾಲುದಾರ ಸತ್ತರೆ ಅವನ ಅರ್ಧ ಅವನ ಮನೆಯವರಿಗೆ. ಪಾಲುದಾರ ಕಂಪನಿ ಬಿಟ್ಟು ಬೇರೆಡೆ ದುಡಿಯಲು ಹೋಗಿ ಆರು ತಿಂಗಳು ಬಾರದಿದ್ದರೆ ಆ ಅರ್ಧ ಉಳಿದವನಿಗೆ. ಆ ಎರಡನೆಯದನ್ನು ಬರೆಸಿದವನು ಕನಿಮೆತ್. "ನಮ್ಮ ಮನೇಲಿ ಎಲ್ಲಾ ರಷ್ಯಾಕ್ಕೆ ಓಡಿಹೋದೋರೇ. ನಾನೂ ಓಡಿದ್ರೆ ನೀನು ಬೀದಿಗೆ ಬೀಳಬಾರದು" ಎಂದು ನಕ್ಕು ಸಹಿ ಹಾಕಿದ್ದ.

ಹಾಗಾಗಿ ಕನಿಮೆತ್ ಸಾಯಬಾರದು. ಹೋಗಬೇಕು.

ಯೋಜನೆಗೆ ಮೆಡೆರ್ ಇಪ್ಪತ್ತೊಂದು ದಿನ ಕೊಟ್ಟ. ಏನನ್ನೂ ಬರೆದಿಡಲಿಲ್ಲ. ಓಡುವಾಗ ಯೋಚಿಸಿದ, ತಣ್ಣೀರು ಸುರಿದುಕೊಳ್ಳುವಾಗ ತಪ್ಪು ಹುಡುಕಿದ. ರಷ್ಯಾದ ಕಜಾನ್ ನಗರದಲ್ಲಿ ಏಪ್ರಿಲ್ ಮೂರನೆಯ ವಾರ ಕರಕುಶಲ ಮೇಳ. ಅಲ್ಲಿಗೆ ಕನಿಮೆತ್‌ನನ್ನು ಕಳಿಸುವುದಾಗಿ ಎಲ್ಲರ ಮುಂದೆ ಹೇಳಿದ. ಕನಿಮೆತ್ ಹಿಗ್ಗಿದ. ಏಪ್ರಿಲ್ ಹದಿನಾಲ್ಕರ ಬೆಳಿಗ್ಗೆ ಹೆದ್ದಾರಿಯಲ್ಲಿ ಸಿಕ್ಕಿದ ಬಾಡಿಗೆ ಕಾರು ಹತ್ತಿ ರಾಜಧಾನಿಗೆ, ಅಲ್ಲಿಂದ ಮುಂದಕ್ಕೆ. ಆ ವಾರ ಅವನ ತಾಯಿ ಬುರುಲ್ ಅಮ್ಮ ಮಗಳ ಬಾಣಂತನಕ್ಕೆಂದು ನರಿನ್ ಪಟ್ಟಣಕ್ಕೆ ಹೋಗಿರುತ್ತಾಳೆ. ಮನೆ ಊರಾಚೆ, ಪಾಪ್ಲರ್ ಮರಗಳ ಹಿಂದೆ. ಅಲ್ಲಿಂದ ಹೆದ್ದಾರಿಗೆ ಹೋಗುವ ಕಾಲುದಾರಿ ಕಂಪನಿಯ ಹೊಸ ಉಣ್ಣೆ ತೊಳೆಯುವ ಕೊಟ್ಟಿಗೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಕೊಟ್ಟಿಗೆಯೊಳಗೆ ಸಾಮೂಹಿಕ ಬೇಸಾಯದ ಕಾಲದ ಆಳದ ಗುಂಡಿಯೊಂದಿತ್ತು. ಅದನ್ನು ಮುಚ್ಚಿ ನೆಲಕ್ಕೆ ಕಾಂಕ್ರೀಟ್ ಹಾಕುವವರು ಅದೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಬರುವುದೆಂದು ಗೊತ್ತುಮಾಡಿದ್ದವನು ಮೆಡೆರ್.

ಅವನ ಸಾಕ್ಷಿ ಅವನ ಓಟ. ಐದೂವರೆಯಿಂದ ಏಳರವರೆಗೆ ಮೆಡೆರ್ ಎಲ್ಲಿರುತ್ತಾನೆ ಎಂದು ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಆವತ್ತು ನೋಡದಿದ್ದವರೂ ನೋಡಿದೆ ಎನ್ನುತ್ತಾರೆ. ಪೊಲೀಸರ ಭಯವಿರಲಿಲ್ಲ. ಗಡಿಯ ದಾಖಲೆ ತೆಗೆದರೆ ಸಿಕ್ಕಿಬೀಳಬಹುದು, ನಿಜ. ಆದರೆ ದೂರು ಬಾರದೆ ದಾಖಲೆ ಯಾರು ತೆಗೆಯುತ್ತಾರೆ? ರಷ್ಯಾಕ್ಕೆ ಹೋದ ಗಂಡಸರು ಈ ಊರಿನ ಪ್ರತಿ ಮನೆಯಲ್ಲೂ ಇದ್ದರು. ಅರ್ಧ ಜನ ಕಾಗದ ಹಾಕುತ್ತಿರಲಿಲ್ಲ. ಅದಕ್ಕೆಲ್ಲ ದೂರು ಕೊಡುವ ರೂಢಿ ಯಾರಿಗೂ ಇರಲಿಲ್ಲ.

ಹದಿಮೂರರ ಸಂಜೆ ಹದಿನಾಲ್ಕು ಹೆಂಗಸರ ಎದುರು ಮೆಡೆರ್ ಗೆಳೆಯನನ್ನು ತಬ್ಬಿಕೊಂಡು, "ಬೆಳಿಗ್ಗೆ ಬರಲ್ಲ ಕಣೋ, ಓಟ ತಪ್ಪುತ್ತೆ" ಎಂದ. ಹೆಂಗಸರು ನಕ್ಕರು. ಬೇಕಾಗಿದ್ದದ್ದು ಅದೇ.

ಬೆಳಿಗ್ಗೆ ಓಡುತ್ತಲೇ ಹೋಗಿ ಬಾಗಿಲು ತಟ್ಟಿದ. ಕನಿಮೆತ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಬಾಗಿಲು ತೆಗೆದ.

"ಏನೋ ಇದು! ಗಡಿಯಾರ ಕೆಟ್ಟೋಯ್ತಾ?"

"ಮನಸ್ಸು ಕೇಳಲಿಲ್ಲ. ಹೆದ್ದಾರಿವರೆಗೂ ಬರ್ತೀನಿ, ನಡಿ."

ಕನಿಮೆತ್‌ನ ಕಣ್ಣು ಒದ್ದೆಯಾಯಿತು. ಮೆಡೆರ್ ಅದನ್ನು ನೋಡಿ, ಐದು ಐವತ್ತು ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಆದರೆ ಕನಿಮೆತ್ ಹೊರಡಲಿಲ್ಲ. ಒಳಗಿನಿಂದ ಒಂದು ದಪ್ಪ ದುಂಡು ರೊಟ್ಟಿ, ಒಂದು ಬಿಳಿಬಟ್ಟೆ ತಂದ. ದೂರ ಹೋಗುವವನು ರೊಟ್ಟಿಯನ್ನೊಮ್ಮೆ ಕಚ್ಚಿ ಇಟ್ಟು ಹೋಗಬೇಕು. ಉಳಿದದ್ದು ಅವನು ತಿರುಗಿ ಬಂದು ತಿನ್ನುವವರೆಗೆ ಗೋಡೆಯ ಮೇಲೆ ಕಾಯುತ್ತದೆ. ಮೆಡೆರ್‌ಗೆ ಇದು ಅಡ್ಡಿಯೆನಿಸಲಿಲ್ಲ, ಬದಲಿಗೆ ಖುಷಿಯಾಯಿತು. ಇವನು ತಾನಾಗಿಯೇ ಹೋದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ರಸೀದಿ ಬೇಕೆ?

ಕನಿಮೆತ್ ಬಾಯಿ ತುಂಬ ಕಚ್ಚಿದ. ಆಮೇಲೆ ರೊಟ್ಟಿಯನ್ನು ಚಾಚಿದ. "ನೀನೂ."

"ನಾನೆಲ್ಲಿಗೆ ಹೋಗ್ತಿದೀನಿ?"

"ಈ ಹೊಸಿಲಿಂದ ಜೊತೆಗೆ ಕಾಲಿಟ್ಟೋರೂ ಕಚ್ಚಬೇಕು. ನಮ್ಮಮ್ಮನ ಕಾನೂನು. ಇಲ್ದಿದ್ರೆ ಜೊತೆ ಒಡೆಯುತ್ತಂತೆ."

"ನಾನು ರೊಟ್ಟಿ ಬಿಟ್ಟು ಮುನ್ನೂರ ಹನ್ನೊಂದು ದಿನ ಆಯ್ತು ಮಾರಾಯ."

"ಕಚ್ಚೋ, ನಿನ್ನ ಹಾಳೆ ಬೆಂಕಿಗೆ ಹಾಕ! ನೀನು ಕಚ್ಚೋವರೆಗೂ ನಾನು ಹೊರಡಲ್ಲ." ಹೊಸಿಲ ಮೇಲೆ ಕೂತೇಬಿಟ್ಟ.

ಆರು ಗಂಟೆಯಾಗುತ್ತಿತ್ತು. ಮೆಡೆರ್ ಅಂಚಿನಲ್ಲಿ ಇಲಿ ಕಚ್ಚಿದಷ್ಟು ಕಚ್ಚಿ, ಅಗಿದು, ನುಂಗಿದ. ಮುನ್ನೂರ ಹನ್ನೊಂದು ದಿನಗಳ ಮೇಲೆ ಆ ರುಚಿ ಎಷ್ಟು ಚೆನ್ನಾಗಿತ್ತೆಂದರೆ ಅವನಿಗೆ ಸಿಟ್ಟು ಬಂತು. ಕನಿಮೆತ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ ಮೊಳೆಗೆ ತೂಗುಹಾಕಿದ.

ಉಳಿದದ್ದು ಯೋಜನೆಯಂತೆ ಹತ್ತು ನಿಮಿಷದಲ್ಲಿ ಮುಗಿಯಿತು. ಕೊಟ್ಟಿಗೆಯೊಳಗೆ ಹೊಸ ತೊಟ್ಟಿ ತೋರಿಸುತ್ತೇನೆಂದ. ಕನಿಮೆತ್ ಗುಂಡಿಯ ಅಂಚಿನಲ್ಲಿ ಬಗ್ಗಿ ನೋಡಿದ. ಮೂಲೆಯಲ್ಲಿ ಕಬ್ಬಿಣದ ಸರಳಿತ್ತು. ಚೀಲ, ಪಾಸ್‌ಪೋರ್ಟು, ಟೋಪಿ ಎಲ್ಲ ಅವನ ಜೊತೆಗೇ ಹೋದವು. ಮೇಲೆ ಜಲ್ಲಿ. ಫೋನು ಮಾತ್ರ ಮೆಡೆರ್‌ನ ಕಿಸೆಗೆ ಬಂತು. ಅದಕ್ಕೆ ಕನಿಮೆತ್ ಎಂದೂ ಬೀಗ ಹಾಕಿದವನಲ್ಲ. ಮೆಡೆರ್ ನದಿಯ ದಂಡೆಯಲ್ಲಿ ಎಂದಿನ ದೂರದಲ್ಲಿ ಉಳಿದದ್ದನ್ನು ಜೋರಾಗಿ ಓಡಿ ಮುಗಿಸಿ, ತಣ್ಣೀರು ಸುರಿದುಕೊಂಡು, ಏಳೂ ಹತ್ತಕ್ಕೆ ಕಾರ್ಖಾನೆಯ ಬೀಗ ತೆಗೆದ. ಒಂಬತ್ತಕ್ಕೆ ಕಾಂಕ್ರೀಟಿನವರು ಬಂದರು.

ಮೇಳದವರಿಗೆ ತಾನೇ ಬರೆದು ಮಳಿಗೆ ರದ್ದು ಮಾಡಿದ. ಕನಿಮೆತ್‌ನ ಫೋನಿನಿಂದ ಮೊದಲು ತಲುಪಿದೆನೆಂದು ತಾಯಿಗೆ, ಏಪ್ರಿಲ್ ಕೊನೆಯಲ್ಲಿ ತಾಯಿಗೂ ಕಂಪನಿಗೂ ಸಂದೇಶ ಹೋಯಿತು: ಇಲ್ಲೇ ಒಳ್ಳೆಯ ಕೆಲಸ ಸಿಕ್ಕಿದೆ, ಈಗ ಬರುವುದಿಲ್ಲ. ಆಮೇಲೆ ಹತ್ತು ದಿನಕ್ಕೊಂದು. ಮೆಡೆರ್ ಸರಕು ಇಳಿಸಲು ರಾಜಧಾನಿಗೆ ಹೋದಾಗ ಮಾತ್ರ ಫೋನು ಆನ್ ಮಾಡುತ್ತಿದ್ದ. ಇದೂ ಒಂದು ಅಭ್ಯಾಸವಾಯಿತು. ಹಾಳೆಯಲ್ಲಿ ಸಾಲು ಇರಲಿಲ್ಲ, ಅಷ್ಟೆ.

ಜಿಪಾರ್ ಅಕ್ಕ ಮೊದಲ ವಾರ ಅತ್ತಳು, ಎರಡನೆಯ ವಾರ ಬೈದಳು. "ಕಳ್ಳನನ್ಮಗ, ಇವನೂ ರಷ್ಯಾ ಹುಡುಗೀರ ಸಹವಾಸಕ್ಕೆ ಬಿದ್ದ." ಬುರುಲ್ ಅಮ್ಮ ಬಂದು ಕೂತಾಗಲೆಲ್ಲ ಅದೇ ಮಾತು: "ರೊಟ್ಟಿ ಕಚ್ಚಿಟ್ಟು ಹೋಗಿದಾನಮ್ಮ, ಬರ್ತಾನೆ." ಗಂಟನ್ನು ಅವಳು ಬಿಚ್ಚಿರಲಿಲ್ಲ. ಹೋದವನು ಬರುವ ಮೊದಲು ಬಿಚ್ಚುವಂತಿಲ್ಲ.

ಆರು ತಿಂಗಳು ಕಳೆದು, ಅಕ್ಟೋಬರ್ ಮೂರನೆಯ ವಾರ ಕನಿಮೆತ್‌ನ ಅರ್ಧವನ್ನು ಮೆಡೆರ್‌ನ ಹೆಸರಿಗೆ ಮಾಡುವ ಕಾಗದವೆಲ್ಲ ಸಿದ್ಧವಾಯಿತು. ಎರಡು ಸಹಿ ಉಳಿದಿದ್ದವು. ಹೋದವನು ತಾನಾಗಿ ಹೋದ ಎಂದು ಮನೆಯವರದೊಂದು, ಕಾಣೆಯಾದ ದೂರಿಲ್ಲ ಎಂದು ಪೊಲೀಸರದೊಂದು. ಮಧ್ಯಾಹ್ನ ಆ ಭಾಗದ ಪೊಲೀಸ್ ಅಸಿಲ್ಬೆಕ್ ಬಂದು ಚಹಾದ ಮೇಜಿಗೆ ಕೂತ. ಬುರುಲ್ ಅಮ್ಮನೂ ಬಂದಳು. ಪೆನ್ನು ಹಿಡಿದಳು, ಸಹಿ ಹಾಕಲಿಲ್ಲ.

"ಆರು ತಿಂಗಳಲ್ಲಿ ಒಂದು ಸಲ ದನಿ ಕೇಳಿಸಲಿಲ್ಲ ಸಾಹೇಬ್ರೆ. ಬರೀ ಅಕ್ಷರ."

"ಗಂಡುಮಕ್ಕಳು ಹಾಗೇ ಬಿಡಮ್ಮ. ನನ್ನ ತಮ್ಮ ಅಕ್ಷರಾನೂ ಕಳಿಸಲ್ಲ" ಎಂದ ಅಸಿಲ್ಬೆಕ್.

ಮೆಡೆರ್ ಮುಂದೆ ಬಾಗಿದ. ಈ ಮಾತಿಗಾಗಿಯೇ ಆರು ತಿಂಗಳು ಕಾದಿದ್ದ. ಅಂಚಿನಲ್ಲಿ ತಾನು ಕಚ್ಚಿದ ಇಲಿಯಷ್ಟು ಗುರುತು ಯಾರ ಕಣ್ಣಿಗೂ ಬೀಳದೆಂದು ಅವನ ಲೆಕ್ಕ. "ಅಮ್ಮ, ನಿಮ್ಮ ಗೋಡೆ ಮೇಲೆ ರೊಟ್ಟಿ ಇಲ್ವಾ? ಮನಸ್ಸಿಲ್ದೆ ಹೋಗೋನು ರೊಟ್ಟಿ ಕಚ್ಚಿ ಹೋಗ್ತಾನಾ? ಬೇಕಾದ್ರೆ ತನ್ನಿ, ಸಾಹೇಬ್ರೂ ನೋಡಲಿ."

ಅವಳು ಎದ್ದು ಹೋಗಿ, ಅರ್ಧ ಗಂಟೆಯಲ್ಲಿ ಗಂಟನ್ನು ಎದೆಗೆ ಒತ್ತಿಕೊಂಡು ಬಂದಳು. ಬಟ್ಟೆಗೆ ಮುತ್ತಿಟ್ಟು ಬಿಚ್ಚಿದಳು. ರೊಟ್ಟಿ ಕಲ್ಲಾಗಿತ್ತು. ಹೆಂಗಸರು ಕೆಲಸ ನಿಲ್ಲಿಸಿ ಸುತ್ತ ನೆರೆದರು.

"ಇದು ನನ್ನ ಮಗ" ಎಂದಳು, ದೊಡ್ಡ ಕಚ್ಚಿನ ಮೇಲೆ ಬೆರಳಿಟ್ಟು. "ನೋಡಿ, ಮುಂದಿನ ಹಲ್ಲು ಮುರಿದಿದೆಯಲ್ಲ, ಅದರ ಗುರುತು ಇಲ್ಲಿ ಬಿದ್ದಿದೆ." ರೊಟ್ಟಿಯನ್ನು ಮೆಲ್ಲಗೆ ತಿರುಗಿಸಿದಳು. ಬೆರಳು ನಿಂತಿತು. "ಇದ್ಯಾರು?"

"ಅವನೇ ಎರಡನೇ ಸಲ ಕಚ್ಚಿರ್ತಾನೆ" ಎಂದ ಅಸಿಲ್ಬೆಕ್.

"ಇಲ್ಲಿ ಹಲ್ಲು ಪೂರ್ತಿ ಇದಾವೆ. ನಮ್ಮ ಹೊಸಿಲಿಂದ ಒಟ್ಟಿಗೆ ಕಾಲಿಟ್ಟೋರಷ್ಟೇ ಕಚ್ಚೋದು. ಇನ್ಯಾರೋ ಇದ್ರು. ನನ್ನ ಮಗನನ್ನ ಕರ್ಕೊಂಡು ಹೋದೋರು, ಇಷ್ಟು ದಿನ ನನಗೊಂದು ಮಾತು ಹೇಳಿಲ್ಲ." ಅವಳು ಪೆನ್ನು ಕೆಳಗಿಟ್ಟಳು. "ದೂರು ಬರ್ಕೊಳ್ಳಿ."

ಮೆಡೆರ್ ಅಭ್ಯಾಸದಂತೆ ನಾಲ್ಕು ಎಣಿಸಿ ಉಸಿರೆಳೆದುಕೊಂಡ, ನಾಲ್ಕು ಎಣಿಸಿ ಬಿಟ್ಟ. ಇಷ್ಟು ಚಿಕ್ಕ ಗುರುತಿನಲ್ಲಿ ಏನು ಸಿಗುತ್ತದೆ? ಪಕ್ಕದ ಮನೆಯವನಿರಬಹುದು, ಹಳೆಯ ಗೆಳೆಯನಿರಬಹುದು, ಊರಿಗೆ ಊರೇ ಕನಿಮೆತ್‌ನ ಗೆಳೆಯರು. ಗಡಿಯ ದಾಖಲೆ ತೆಗೆದರೂ ಹೆದ್ದಾರಿಯಲ್ಲಿ ಯಾರೋ ಏನೋ ಮಾಡಿದರು ಎಂದಾಗುತ್ತದೆ. ತಾನು ನದಿಯ ದಂಡೆಯಲ್ಲಿದ್ದೆ. ತನ್ನ ಹೆಸರು ಎಲ್ಲೂ ಇಲ್ಲ.

"ಯಾವತ್ತು ಹೋದದ್ದು?" ಎಂದು ಅಸಿಲ್ಬೆಕ್ ಕಾಗದ ಮಗುಚಿದ. "ಏಪ್ರಿಲ್ ಹದಿನಾಲ್ಕು" ಎಂದಳು ಬುರುಲ್ ಅಮ್ಮ. ಜಿಪಾರ್ ಅಕ್ಕ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಮೆಡೆರ್‌ನ ತಲೆಯ ಹಿಂದಿನ ಗೋಡೆಯ ಹತ್ತಿರ ಹೋಗಿ, ಏಪ್ರಿಲ್ ಹಾಳೆಯ ಮುಂದೆ ನಿಂತಳು. ಒಬ್ಬೊಬ್ಬರಾಗಿ ಉಳಿದವರೂ ಅತ್ತ ತಿರುಗಿದರು, ಕೊನೆಗೆ ಪೊಲೀಸನೂ. ಮೆಡೆರ್ ತಿರುಗಲಿಲ್ಲ. ಅಲ್ಲಿ ಏನಿದೆಯೆಂದು ಅವನಿಗೆ ಗೊತ್ತಿತ್ತು. ಗೋಡೆಯ ಉದ್ದಕ್ಕೂ ಕೆಂಪು ಗೀಟುಗಳು, 'ರೊಟ್ಟಿ ಇಲ್ಲ' ಎಂಬ ಸಾಲಿನಲ್ಲಿ ಹದಿನಾಲ್ಕನೆಯ ತಾರೀಖಿನ ಒಂದು ಚೌಕ ಮಾತ್ರ ಬಿಳಿ. ಆ ಸಂಜೆ ಆರಕ್ಕೆ ಉಳಿದ ನಾಲ್ಕಕ್ಕೂ ಗೀಟು ಹಾಕಿ ಅದನ್ನು ಖಾಲಿ ಬಿಟ್ಟಿದ್ದ. ಹಾಳೆಗೆ ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ.